ಶಿಲ್ಲಾಂಗಿಗೆ ಅಮ್ಮನ ಜೊತೆ ನಾಲ್ಕು ದಿನ: ನಿಜವಾದ ಖಾಸಿ ಸಾಮಾನು ಎಲ್ಲಿ ಸಿಗುತ್ತೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನವೆಂಬರಲ್ಲಿ ಮೇಘಾಲಯದ ಶಿಲ್ಲಾಂಗಿಗೆ ಹೊರಟಿದ್ದೇವೆ. ನಾನು, ಪಿಯುಸಿ ಓದುವ ಮಗಳು, 68 ವರ್ಷದ ಅಮ್ಮ. ಬೆಂಗಳೂರಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ಕಾರು. ಟೂರಿನವರು ಕಳಿಸಿದ ಪಟ್ಟಿಯಲ್ಲಿ ಮೊದಲ ದಿನ ಉಮಿಯಂ ಕೆರೆ, ಎರಡನೇ ದಿನ ಚಿರಾಪುಂಜಿ, ಮೂರನೇ ದಿನ ಡಾಕಿ. ನಾಲ್ಕನೇ ದಿನ "ಪೊಲೀಸ್ ಬಜಾರಿನಲ್ಲಿ ಶಾಪಿಂಗ್, ಒಂದು ಗಂಟೆ". ಅಷ್ಟೇ!

ನನಗೆ ಜಲಪಾತಕ್ಕಿಂತ ಅಲ್ಲಿನ ಖಾಸಿ ಬುಡಕಟ್ಟಿನ ಜನ, ಅವರ ಕೈಕೆಲಸ ನೋಡುವ ಆಸೆ ಜಾಸ್ತಿ. ಹೋದ ವರ್ಷ ಬೇರೊಂದು ಬೆಟ್ಟದೂರಲ್ಲಿ "ಬುಡಕಟ್ಟಿನವರು ಕೈಯಲ್ಲೇ ನೇಯ್ದಿದ್ದು" ಅಂತ ಹೇಳಿ ಒಂದು ಶಾಲು ಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ ಒಳಗಡೆ ಮಿಲ್ಲಿನ ಚೀಟಿ. ದುಡ್ಡಿಗಿಂತ ಮೋಸ ಹೋದೆನಲ್ಲಾ ಅಂತ ತುಂಬಾ ಬೇಜಾರಾಯ್ತು. ಅದಕ್ಕೇ ಮೊದಲೇ ಕೇಳುತ್ತಿದ್ದೇನೆ. ಏನು ಕೊಳ್ಳಬೇಕು, ಯಾರ ಹತ್ತಿರ? ಅಮ್ಮನಿಗೆ ಮೆಟ್ಟಿಲು ಹತ್ತೋದು ಕಷ್ಟ. ಮತ್ತೆ ಅಮ್ಮ ಶುದ್ಧ ಸಸ್ಯಾಹಾರಿ, ಊಟಕ್ಕೆ ಏನು ಮಾಡೋದು?

ಬೈಕ್‌ಬಸವ:
ನಾಲ್ಕರಲ್ಲಿ ಒಂದು ದಿನ ಭಾನುವಾರ ಬಂದರೆ ಅವತ್ತು ಶಾಪಿಂಗ್ ಇಟ್ಟುಕೊಳ್ಳಬೇಡಿ. ಎಲ್ಲರೂ ಚರ್ಚಿಗೆ ಹೋಗುತ್ತಾರೆ. ಊರು ಪೂರ್ತಿ ಬಾಗಿಲು ಹಾಕಿರುತ್ತೆ.

ಬೆಟ್ಟದಹೂವು:
ಅಕ್ಕಾ, ನಮ್ಮ ಯಜಮಾನರು ಏರ್‌ಫೋರ್ಸಲ್ಲಿದ್ದಾಗ ಮೂರು ವರ್ಷ ಶಿಲ್ಲಾಂಗಲ್ಲೇ ಇದ್ದೆ. ಈ ಪ್ರಶ್ನೆ ನೋಡಿ ಸುಮ್ನೆ ಇರೋಕಾಗಲಿಲ್ಲ.

ನೀವು ಹೋಗಬೇಕಾಗಿರೋದು ಯೇವ್‌ದೂಗೆ. ಹೊರಗಿನವರು ಬಡಾ ಬಜಾರ್ ಅಂತಾರೆ. ಖಾಸಿ ಭಾಷೆಯಲ್ಲಿ 'ಯೇವ್' ಅಂದರೆ ಸಂತೆ. ಅವರ ಹಳೇ ಲೆಕ್ಕದಲ್ಲಿ ವಾರಕ್ಕೆ ಎಂಟು ದಿನ, ಒಂದೊಂದು ದಿನಕ್ಕೂ ಒಂದೊಂದು ಕಡೆಯ ಸಂತೆಯ ಹೆಸರು. ಈಗ ಯೇವ್‌ದೂ ದಿನಾ ನಡೆಯುತ್ತೆ, ಭಾನುವಾರ ಬಿಟ್ಟು. ಕಾರಿನವರಿಗೆ "ಮೋಟ್‌ಫ್ರಾನ್ ಹತ್ತಿರ ಇಳಿಸಿ" ಅನ್ನಿ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಖಾಸಿ ಕೂಲಿ ಪಡೆಯವರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಅಲ್ಲಿಂದಲೇ ಸಂತೆಯ ಓಣಿಗಳು ಶುರು.

ಒಳಗೆ ಹೋದರೆ ಮಾರುವವರಲ್ಲಿ ಹೆಚ್ಚಿನವರು ಹೆಂಗಸರೇ. ಮೈಗೆ ಜೈನ್ಸೆಮ್, ಅಂದರೆ ಎರಡು ತುಂಡು ಬಟ್ಟೆ ಎರಡೂ ಹೆಗಲಿಗೆ ಪಿನ್ ಹಾಕಿ ಉಡೋದು. ಅದರ ಮೇಲೆ ಒಂದು ಚೌಕಳಿ ಬಟ್ಟೆ, ಒಂದೇ ಹೆಗಲಿಗೆ ಗಂಟು. ಅದಕ್ಕೆ ಜೈನ್‌ಕಿರ್ಶಾ ಅಂತಾರೆ. ಹಿಟ್ಟು, ಅರಿಶಿನದ ಧೂಳು ಒಳಗಿನ ಬಟ್ಟೆಗೆ ತಾಗಬಾರದು ಅಂತ. ದಾರಿ ತುಂಬಾ ಕಿರಿದು, ಒಬ್ಬರ ಹಿಂದೆ ಒಬ್ಬರು ನಡೀಬೇಕು. ಹಿಂದಿನಿಂದ ಕೂಗು ಕೇಳಿದರೆ ತಕ್ಷಣ ಗೋಡೆ ಕಡೆ ಸರಿದುಬಿಡಿ. ಬೆನ್ನ ಮೇಲೆ ಬಿದಿರಿನ ಖೋ ಬುಟ್ಟಿ ಹೊತ್ತವರು ಬರುತ್ತಿರುತ್ತಾರೆ. ಬುಟ್ಟಿಯ ಪಟ್ಟಿ ಹಣೆಗೆ ಸಿಕ್ಕಿಸಿರುತ್ತಾರೆ, ತಲೆ ಎತ್ತಿ ನೋಡೋಕೂ ಆಗಲ್ಲ ಅವರಿಗೆ.

ಒಂದು ಮಾತು ಮರೀಬೇಡಿ. ಮಾರುವ ಹೆಂಗಸನ್ನು "ಕಾಂಗ್" ಅಂತ ಕರೀರಿ, ನಮ್ಮ 'ಅಕ್ಕ' ಇದ್ದ ಹಾಗೆ. ಗಂಡಸರಿಗೆ "ಬಾ", ಅಣ್ಣ ಅಂದ ಹಾಗೆ. "ಕಾಂಗ್, ಕತ್ನೋ?" ಅಂದರೆ ಅಕ್ಕಾ ಎಷ್ಟು ಅಂತ. ಹೊರಡುವಾಗ "ಖುಬ್ಲೇಯ್" ಅನ್ನಿ, ಥ್ಯಾಂಕ್ಸ್ ಅಂತ. ಮುಖ ಹೇಗೆ ಅರಳುತ್ತೆ ನೀವೇ ನೋಡಿ.

ಲೆನ್ಸ್‌ಕಣ್ಣು:
ವಯಸ್ಸಾದವರನ್ನು ಬಡಾ ಬಜಾರಿಗೆ ಕರ್ಕೊಂಡು ಹೋಗಿ ಅಂತೀರಲ್ಲ, ಸರಿನಾ? ನಾನು ಮಳೆಗಾಲದಲ್ಲಿ ಹೋಗಿದ್ದೆ. ಕೆಸರು, ಜಾರುವ ಇಳಿಜಾರು, ಹಂದಿ ಮಾಂಸದ ಸಾಲು, ಒಣಮೀನಿನ ವಾಸನೆ. ಶುದ್ಧ ಸಸ್ಯಾಹಾರಿ ಅಂತ ಅವರೇ ಹೇಳಿದ್ದಾರೆ. ಪೊಲೀಸ್ ಬಜಾರ್ ಸಮತಟ್ಟು, ಕೂರೋಕೂ ಜಾಗ ಇದೆ. ಅಲ್ಲೇ ಸಾಕು.

ಬೆಟ್ಟದಹೂವು:
ಮಳೆಗಾಲದಲ್ಲಿ ಆದರೆ ನಿಮ್ಮ ಮಾತು ಒಪ್ಪುತ್ತೇನೆ. ನವೆಂಬರಲ್ಲಿ ನೆಲ ಒಣಗಿರುತ್ತೆ. ಪೊಲೀಸ್ ಬಜಾರಲ್ಲಿ ಸ್ವೆಟರು, ಜಾಕೆಟ್ಟು, ಬೂಟು, ಎಲ್ಲಾ ಊರಲ್ಲೂ ಸಿಗೋದೇ ಸಿಗುತ್ತೆ. ಸಂಜೆ ಓಡಾಡೋಕೆ, ಸುಟ್ಟ ಜೋಳ ತಿನ್ನೋಕೆ ಚೆನ್ನಾಗಿದೆ. ಆದರೆ ಅವರು ಕೇಳಿದ್ದು ಖಾಸಿಗಳ ಕೈಕೆಲಸ ಅಲ್ವಾ? ಮಾಂಸದ ಸಾಲು ಬೇರೆ ಕಡೆ ಇದೆ. ಬುಟ್ಟಿ, ಮಸಾಲೆ, ಎಲೆ ಅಡಿಕೆ ಸಾಲಿಗೆ ಹೋಗಬೇಕು ಅಂದರೆ ಯಾರಾದರೂ ಕಾಂಗ್ ದಾರಿ ತೋರಿಸುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಹನ್ನೆರಡಕ್ಕೆ ಹೊರಗೆ ಬಂದರೆ ಅಮ್ಮನಿಗೂ ಸುಸ್ತಾಗಲ್ಲ.

ಬೈಕ್‌ಬಸವ:
ನವೆಂಬರಲ್ಲಿ ಐದು ಗಂಟೆಗೆಲ್ಲಾ ಕತ್ತಲು. ಬೆಂಗಳೂರಿನ ಲೆಕ್ಕ ಇಟ್ಟುಕೊಂಡು "ಸಂಜೆ ಆರಕ್ಕೆ ಹೋಗೋಣ" ಅಂತ ಕೂರಬೇಡಿ.

ಅಡಿಕೆಮರ:
ಎಲೆ ಅಡಿಕೆ ಸಾಲು ಅಂದಿರಲ್ಲ, ಅಲ್ಲೇ ನಿಂತುಬಿಟ್ಟೆ ನಾನು. ನಮ್ಮದು ತೀರ್ಥಹಳ್ಳಿ ಕಡೆ, ಮೂರು ತಲೆಮಾರಿನ ತೋಟ. ಅವರು ಅದಕ್ಕೆ ಕ್ವಾಯ್ ಅಂತಾರೆ. ನಮ್ಮ ಹಾಗೆ ಬೇಯಿಸಿ ಕೆಂಪಡಿಕೆ ಮಾಡಲ್ಲ, ಕರಾವಳಿಯವರ ಹಾಗೆ ಒಣಗಿಸಿ ಚಾಲಿನೂ ಮಾಡಲ್ಲ. ಹಸಿ ಅಡಿಕೆಯನ್ನೇ ಹೋಳು ಮಾಡಿ, ಎಲೆಗೆ ಸುಣ್ಣ ಸವರಿ, ಮಡಚಿ ಕೊಡುತ್ತಾರೆ. ಸುಣ್ಣಕ್ಕೆ ಅವರ ಮಾತು 'ಶುನ್', ಕೇಳಿದಾಗ ನಮ್ಮ ಮಾತೇ ಅನ್ನಿಸ್ತು. ಮನೆಗೆ ಬಂದವರಿಗೆ ಮೊದಲು ಕ್ವಾಯ್, ಆಮೇಲೆ ಮಾತು. ಹಿಂದೆ ದಾರಿಯ ದೂರವನ್ನೂ ಎಷ್ಟು ಕ್ವಾಯ್ ಅಗಿಯುವಷ್ಟು ಹೊತ್ತು ಅಂತ ಲೆಕ್ಕ ಹಾಕ್ತಿದ್ದರಂತೆ. ಯಾರಾದರೂ ತೀರಿಕೊಂಡರೆ "ದೇವರ ಮನೆಯಲ್ಲಿ ಕ್ವಾಯ್ ತಿನ್ನುತ್ತಿದ್ದಾರೆ" ಅಂತಾರೆ. ಅಡಿಕೆ ಬೆಳೆಯುವ ನಾವು ಇಷ್ಟು ಚೆನ್ನಾಗಿ ಒಂದು ಮಾತು ಕಟ್ಟಿಲ್ಲ ನೋಡಿ.

ಆದರೆ ಎಚ್ಚರ, ಹಸಿ ಅಡಿಕೆ ಸೊಕ್ಕುತ್ತೆ. ಕಿವಿ ಬಿಸಿಯಾಗಿ ಹಣೆ ಬೆವರುತ್ತೆ. ಅರ್ಧ ಹೋಳು ಸಾಕು.

ಡಾಕ್ಟರ್‌ಮಗಳು:
ಅರ್ಧವೂ ಬೇಡ. ಅಡಿಕೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಹೊಗೆಸೊಪ್ಪು ಇಲ್ಲದಿದ್ದರೂ ಅಪಾಯವೇ.

ಅಡಿಕೆಮರ:
ದಿನಕ್ಕೆ ಇಪ್ಪತ್ತು ಸಲ ತಿನ್ನೋದು ಬೇರೆ, ಮನೆಯೊಡತಿ ಕೊಟ್ಟಾಗ ಒಂದು ಹೋಳು ತಗೊಳ್ಳೋದು ಬೇರೆ ಮೇಡಂ. ಬೇಡ ಅನ್ನಿಸಿದರೆ ಕೈಯಲ್ಲಿ ತಗೊಂಡು ಇಟ್ಟುಕೊಳ್ಳಲಿ, ಮುಖಕ್ಕೆ ಬೇಡ ಅನ್ನಬೇಡಿ.

ಡಾಕ್ಟರ್‌ಮಗಳು:
ತಗೊಂಡು ಇಟ್ಟುಕೊಳ್ಳಲಿ, ಅದಕ್ಕೆ ನನ್ನದೇನೂ ತಕರಾರಿಲ್ಲ.

ಪುಟ್ಟಗೌರಿ:
ಅಲ್ಲಿ ಹೆಂಗಸರದೇ ರಾಜ್ಯ ಅಂತಾರಲ್ಲ, ಆಸ್ತಿ ಎಲ್ಲಾ ಅವರಿಗೇ ಅಂತೆ. ಗಂಡಸರು ಸುಮ್ನೆ ಮನೇಲಿ ಕೂತಿರ್ತಾರಾ?

ಕುಡ್ಲದವ:
ಇಲ್ಲ ಮಾರಾಯ್ರೆ, ಅದು ತಪ್ಪು. ನಾನು ತುಳುನಾಡಿನವ, ಅಳಿಯಕಟ್ಟಿನ ಮನೆ. ಹಾಗಾಗಿ ಅಲ್ಲಿ ಹೋದಾಗ ಇದನ್ನೇ ಕೇಳಿ ಕೇಳಿ ತಿಳಿದುಕೊಂಡೆ. ಕುಲದ ಹೆಸರು ತಾಯಿಯಿಂದ ಬರುತ್ತದೆ. ಹಿರಿಯರ ಮನೆ ಕೊನೇ ಮಗಳಿಗೆ, ಅವಳಿಗೆ 'ಕಾ ಖದ್ದೂ' ಅಂತಾರೆ. ಮನೆ ಸಿಕ್ಕಿತು ಅಂತ ಅವಳು ಅದನ್ನು ಮನಬಂದಂತೆ ಮಾರುವ ಹಾಗಿಲ್ಲ. ಅಪ್ಪ ಅಮ್ಮನನ್ನು ಕೊನೆತನಕ ನೋಡಿಕೊಳ್ಳಬೇಕು, ಮನೆಯ ಕಾರ್ಯ ಎಲ್ಲಾ ಅವಳದ್ದೇ ಹೊಣೆ. ಅದು ಹಕ್ಕಿಗಿಂತ ಭಾರ ಅಂತ ಕಾಲೇಜು ಹುಡುಗಿಯೊಬ್ಬಳು ನನಗೆ ಹೇಳಿದಳು.

ಗಂಡಸರ ಮಾತು ಎಲ್ಲಿ ನಡೆಯುತ್ತದೆ ಗೊತ್ತಾ? ಸೋದರಮಾವನದ್ದು, ನಮ್ಮಲ್ಲಿ ಇದ್ದ ಹಾಗೆಯೇ. ಊರಿನ ದರ್ಬಾರ್, ಅಂದರೆ ಊರಸಭೆ, ಹಿಂದಿನಿಂದ ಗಂಡಸರದ್ದೇ. 'ಸಿಯೆಮ್' ಅಂತ ಕರೆಯುವ ಅವರ ಅರಸನೂ ಗಂಡಸೇ. ಆದರೆ ಪಟ್ಟ ಹೋಗುವುದು ತಾಯಿ ಕಡೆಯ ಸಾಲಿನಲ್ಲಿ, ಎಷ್ಟೋ ಕಡೆ ಅಕ್ಕತಂಗಿಯರ ಮಗನಿಗೆ. ಅಳಿಯ ಸಂತಾನ ಅಂದರೆ ಇದೇ ಅಲ್ವಾ! ನಮ್ಮಲ್ಲಿ ಕಾನೂನು ಬಂದು, ಪಾಲಾಗಿ, ಈಗ ಹೆಸರಿಗಷ್ಟೇ ಉಳಿದಿದೆ. ಅಲ್ಲಿ ಅದು ಬದುಕಿನಲ್ಲೇ ಇದೆ.

ಪುಟ್ಟಗೌರಿ:
ಓಹ್, ಗೊತ್ತಿರಲಿಲ್ಲ. ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್.

ತುಂಗಾತೀರ:
ಎಷ್ಟು ಚೆನ್ನಾಗಿ ಬರೀತಿದ್ದೀರಿ ಎಲ್ಲರೂ! ಅಮ್ಮನಿಗೆ ಕ್ವಾಯ್ ವಿಷಯ ಓದಿ ಹೇಳಿದೆ. "ಹಾಗಾದರೆ ಅಡಕತ್ತರಿ ತಗೊಂಡು ಹೋಗೋಣ" ಅಂದರು. ಈಗ ಬಟ್ಟೆ, ಅರಿಶಿನದ ವಿಷಯ ಹೇಳಿ. ಲಾಕಾಡಾಂಗ್ ಅರಿಶಿನ ಅಂತ ಕೇಳಿದ್ದೇನೆ.

ಅಡುಗೆಮನೆಪುರಾಣ:
ತಗೊಳ್ಳಲೇಬೇಕು. ಜೈಂತಿಯಾ ಬೆಟ್ಟದ ಲಾಕಾಡಾಂಗ್ ಅನ್ನುವ ಊರಿನ ಹೆಸರು ಅದು. ಅರಿಶಿನದ ಬಣ್ಣ, ಗುಣ ಇರೋದು ಕರ್ಕ್ಯುಮಿನ್‌ನಿಂದ. ಸಾಮಾನ್ಯ ಅರಿಶಿನದಲ್ಲಿ ಅದು ನೂರಕ್ಕೆ 2-3 ಭಾಗ ಇದ್ದರೆ ಇದರಲ್ಲಿ 7ರ ಆಸುಪಾಸು. 2024ರಲ್ಲಿ ಜಿಐ ಗುರುತೂ (ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ. ಅಲ್ಲಿನ ಹೆಂಗಸರನ್ನು ಸೇರಿಸಿಕೊಂಡು ಇದನ್ನು ಬೆಳೆಸಿದ ಟ್ರಿನಿಟಿ ಸಾಯೂ ಅನ್ನುವ ಶಿಕ್ಷಕಿಗೆ 2020ರಲ್ಲಿ ಪದ್ಮಶ್ರೀ ಬಂತು.

ನಾನು ಮೊದಲ ಸಲ ದಾರಿ ಬದಿ ಅಂಗಡಿಯೊಂದರಲ್ಲಿ ಪುಡಿ ತಗೊಂಡೆ. ಮನೆಗೆ ಬಂದು ನೀರಿಗೆ ಹಾಕಿದರೆ ಅರ್ಧ ತಳಕ್ಕೆ ಹಿಟ್ಟಿನ ಹಾಗೆ ಕೂತಿತು. ಎರಡನೇ ಸಲ ಯೇವ್‌ದೂನಲ್ಲಿ ಒಣಗಿದ ಹೋಳು ತಗೊಂಡೆ. ಅಲ್ಲಿ ಬೇರನ್ನು ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಒಣಗಿಸಿರುತ್ತಾರೆ. ಒಂದು ಬಿಲ್ಲೆ ಮುರಿದು ನೋಡಿ. ಒಳಗಡೆ ಹಳದಿ ಅಲ್ಲ, ಕಿತ್ತಳೆ ಬಣ್ಣ ಇರಬೇಕು. ಬೆರಳಿಗೆ ಹತ್ತಿದ್ದು ಎರಡು ದಿನ ಹೋಗಲ್ಲ. ಸಾರಿಗೆ ನಮ್ಮ ಅರಿಶಿನದ ಅರ್ಧ ಹಾಕಿದರೂ ಜಾಸ್ತಿ. ಹೋಳು ತಂದು ಮನೇಲೇ ಪುಡಿ ಮಾಡಿಸಿ. ಹಾಗೇ ದಾಲ್ಚಿನ್ನಿ ಎಲೆ, ಜೇನು, ಸಣ್ಣ ಸೂಜಿಮೆಣಸು.

ಲೆನ್ಸ್‌ಕಣ್ಣು:
ಕಿತ್ತಳೆ ಹಣ್ಣು ಬಿಟ್ಟಿರಲ್ಲ. ಖಾಸಿ ಕಿತ್ತಳೆ ನವೆಂಬರಲ್ಲಿ ಶುರು ಆಗುತ್ತೆ. ಕೊಡಗಿನ ಕಿತ್ತಳೆಯ ನೆನಪು ತರುತ್ತೆ, ಸಿಪ್ಪೆ ಹಾಗೇ ಬಿಟ್ಟುಕೊಳ್ಳುತ್ತೆ.

ಕೊಡಗಿನಕಾಫಿ:
ನಮ್ಮ ಕಿತ್ತಳೆ ಈಗ ಎಲ್ಲಿ ಉಳಿದಿದೆ, ರೋಗ ಬಂದು ತೋಟ ತೋಟವೇ ಹೋಯ್ತು. ಬೇಜಾರು.

ರೇಷ್ಮೆಗೂಡು:
ಬಟ್ಟೆ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಮನೆಯವರು ರಾಮನಗರದ ಗೂಡಿನ ಮಾರುಕಟ್ಟೆಗೆ ಮೂವತ್ತು ವರ್ಷದಿಂದ ಗೂಡು ಹಾಕುತ್ತಿದ್ದಾರೆ. ಅಲ್ಲಿನದು ಎರಿ ರೇಷ್ಮೆ, ಖಾಸಿಯಲ್ಲಿ ರಿಂಡಿಯಾ. ಹುಳು ತಿನ್ನೋದು ಹಿಪ್ಪುನೇರಳೆ ಅಲ್ಲ, ಹರಳೆಲೆ. ನಮ್ಮ ಗೂಡನ್ನು ಬಿಸಿನೀರಿಗೆ ಹಾಕಿ ಒಂದೇ ಎಳೆ ಬಿಚ್ಚುತ್ತೇವೆ. ಎರಿ ಗೂಡಿಗೆ ಒಂದು ಕಡೆ ಬಾಯಿ ತೆರೆದಿರುತ್ತೆ, ಎಳೆ ಒಂದೇ ಸಮ ಇರಲ್ಲ. ಅದಕ್ಕೆ ಹತ್ತಿಯ ಹಾಗೆ ನೂಲಬೇಕು. ಹಾಗಾಗಿ ಹೊಳಪು ಕಮ್ಮಿ, ಮೈಗೆ ಬೆಚ್ಚಗೆ, ಮುಟ್ಟಿದರೆ ಉಣ್ಣೆಯೋ ಹತ್ತಿಯೋ ಅಂತ ಅನುಮಾನ ಬರುತ್ತೆ. ಬಣ್ಣಕ್ಕೆ ಅರಗು, ಅರಿಶಿನ ಬಳಸುತ್ತಾರೆ. ತುಂಬಾ ಮಿರಮಿರ ಮಿಂಚುವ ಶಾಲನ್ನು ಎರಿ ಅಂತ ಕೊಟ್ಟರೆ ತಗೊಳ್ಳಬೇಡಿ. ಬೆಳಕಿಗೆ ಹಿಡಿದರೆ ಎಳೆ ಎಲ್ಲೋ ದಪ್ಪ, ಎಲ್ಲೋ ಸಣ್ಣ ಕಾಣಬೇಕು. ಅಂಚಿನಲ್ಲಿ ಸಣ್ಣ ಗಂಟು ಸಿಗಬೇಕು. ರೀಭೋಯ್ ಜಿಲ್ಲೆಯ ಉಮ್ಡೆನ್ ಕಡೆ ಮನೆಮನೆಯಲ್ಲಿ ನೇಯುತ್ತಾರೆ, ಗುವಾಹಟಿಯಿಂದ ಶಿಲ್ಲಾಂಗಿಗೆ ಹೋಗೋದೇ ಆ ಜಿಲ್ಲೆ ಮೇಲೆ.

ಪುಟ್ಟಗೌರಿ:
ಹುಳು ಕೊಲ್ಲದ ರೇಷ್ಮೆ, ಅಹಿಂಸಾ ರೇಷ್ಮೆ ಅಂತಾರಲ್ಲ, ಇದೇ ತಾನೆ? ಅಮ್ಮನವರಿಗೆ ಇಷ್ಟ ಆಗುತ್ತೆ.

ರೇಷ್ಮೆಗೂಡು:
ಆ ಹೆಸರು ಮಾರುವವರು ಇಟ್ಟಿದ್ದು. ಚಿಟ್ಟೆ ಹಾರಿ ಹೋದ ಮೇಲೂ ನೂಲಬಹುದು ಅನ್ನೋದು ನಿಜ. ಆದರೆ ಆ ಕಡೆ ಗೂಡಿನಿಂದ ತೆಗೆದ ಹುಳುವನ್ನು ಇಷ್ಟಪಟ್ಟು ತಿನ್ನುತ್ತಾರೆ, ಸಂತೆಯಲ್ಲೂ ಮಾರುತ್ತಾರೆ. ಅದು ಅವರ ಊಟ, ಅದರಲ್ಲಿ ತಪ್ಪೇನಿಲ್ಲ. ಅವರು ಹೇಳದ ಕತೆಯನ್ನು ನಾವು ಅವರ ಬಟ್ಟೆಗೆ ಅಂಟಿಸೋದು ಸರಿಯಲ್ಲ ಅಷ್ಟೇ.

ತುಂಗಾತೀರ:
ಇದು ಗೊತ್ತಾಗಿದ್ದು ಒಳ್ಳೇದಾಯ್ತು. ಅಮ್ಮನಿಗೆ ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ.

ಬೆಟ್ಟದಹೂವು:
ಊಟದ ವಿಷಯ. 'ದೋ' ಅಂದರೆ ಮಾಂಸ, ಇದೊಂದು ನೆನಪಿರಲಿ. ಜಾ ಅಂದರೆ ಅನ್ನ, ಜಾದೋ ಅಂದರೆ ಮಾಂಸದನ್ನ. ದೋನೇಯೋಂಗ್ ಕರಿಯೆಳ್ಳು ಹಾಕಿದ ಹಂದಿ. ಹೆಸರಲ್ಲಿ ದೋ ಇದ್ದರೆ ಅಮ್ಮನಿಗೆ ಬೇಡ. ತುಂಗ್‌ರಿಂಬೈ ಹುಳಿ ಬರಿಸಿದ ಸೋಯಾ ಕಾಳಿನದು, ಆದರೆ ಅದಕ್ಕೂ ಹಂದಿ ಹಾಕೋದೇ ರೂಢಿ, ಕೇಳಿ ತಿನ್ನಿ. ಪೊಲೀಸ್ ಬಜಾರಿನ ಸುತ್ತ ಮಾರ್ವಾಡಿ ಭೋಜನಾಲಯಗಳಿವೆ, ಎರಡು ಹೊತ್ತಿನ ಊಟಕ್ಕೆ ತೊಂದರೆ ಇಲ್ಲ. ಬೆಳಿಗ್ಗೆ ಸಂತೆಯ ಚಹದಂಗಡಿಯಲ್ಲಿ ಪುಥಾರೋ ಸಿಗುತ್ತೆ, ಅಕ್ಕಿಹಿಟ್ಟಿನ ಬಿಳಿ ರೊಟ್ಟಿ. ಪುಖ್ಲೇನ್ ಅಂದರೆ ಅಕ್ಕಿಹಿಟ್ಟು, ಬೆಲ್ಲ ಕಲಸಿ ಎಣ್ಣೆಯಲ್ಲಿ ಕರಿದದ್ದು. ಬಾಯಿಗೆ ಹಾಕಿದ ಕೂಡಲೇ ಕಜ್ಜಾಯ! ಹಬ್ಬದ ದಿನ ಊರು ನೆನಪಾದಾಗ ನಾನು ಅದನ್ನೇ ತಂದು ದೇವರ ಮುಂದೆ ಇಡುತ್ತಿದ್ದೆ.

ಬೈಕ್‌ಬಸವ:
ಟ್ಯಾಕ್ಸಿಗೆ ಹತ್ತೋ ಮುಂಚೆ ಪೂರ್ತಿ ದಿನದ ರೇಟು, ಕಾಯೋದೂ ಸೇರಿಸಿ, ಮಾತಾಡಿಕೊಳ್ಳಿ. ನನಗೆ ಒಬ್ಬರು ಲೈತ್ಲುಮ್ ಹೋಗಿ ಬಂದ ಮೇಲೆ "ಕಾದಿದ್ದಕ್ಕೆ ಬೇರೆ" ಅಂತ ಅರ್ಧದಷ್ಟು ಜಾಸ್ತಿ ಕೇಳಿದರು. ಊರೊಳಗೆ ಹಳದಿ ಕಪ್ಪು ಶೇರ್ ಟ್ಯಾಕ್ಸಿ ಸಾಕು. ಶಿಲ್ಲಾಂಗ್ ಪೀಕ್ ವಾಯುಪಡೆ ಜಾಗದಲ್ಲಿದೆ, ಹೊರಡುವ ಮುಂಚೆ ಬಿಡ್ತಾರಾ ಅಂತ ವಿಚಾರಿಸಿ.

ಕೊಡಗಿನಕಾಫಿ:
ನಿಮ್ಮ ಪಟ್ಟಿಯಲ್ಲಿ ಮಾವ್‌ಫ್ಲಾಂಗ್ ಇಲ್ಲ! ಡಾಕಿ ಬಿಟ್ಟರೂ ಅದನ್ನು ಬಿಡಬೇಡಿ. ಊರಿಂದ ಸುಮಾರು 25 ಕಿಲೋಮೀಟರು. ನಮ್ಮ ದೇವರಕಾಡಿನ ಹಾಗೆಯೇ ಅವರದೂ ದೇವರ ಕಾಡು. ಹೊರಗಡೆ ಬೋಳು ಹುಲ್ಲು ಗುಡ್ಡ, ಮೊದಲ ಮರ ದಾಟಿದ ಕೂಡಲೇ ಕತ್ತಲು, ತಂಪು. ಕಾಲಡಿ ಎಲೆ ಎಷ್ಟು ದಪ್ಪ ಅಂದರೆ ಹೆಜ್ಜೆ ಸದ್ದೇ ಇಲ್ಲ. ಊರಿನ ಹುಡುಗ ಒಬ್ಬ ಗೈಡಾಗಿ ಬರುತ್ತಾನೆ. ಅಲ್ಲಿಂದ ಒಂದು ಒಣ ಎಲೆಯನ್ನೂ ಹೊರಗೆ ತರುವ ಹಾಗಿಲ್ಲ. ನನ್ನ ಮಗ ಒಂದು ಕಾಯಿ ಜೇಬಿಗೆ ಹಾಕಿಕೊಂಡಿದ್ದ. ಗೈಡ್ ಬೈಯಲಿಲ್ಲ, ಸುಮ್ನೆ ಕೈ ಚಾಚಿ ನಿಂತ. ಮಗ ಕೊಟ್ಟ. ಅವನು ಅದನ್ನು ಎತ್ತಿದ ಜಾಗದಲ್ಲೇ ವಾಪಸ್ ಇಟ್ಟು ಬಂದ. ನಮ್ಮ ಕೊಡಗಿನಲ್ಲಿ ಎಷ್ಟು ದೇವರಕಾಡು ತೋಟ ಆಗಿಹೋಗಿವೆ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ.

ಬೆಟ್ಟದಹೂವು:
ಮಾವ್ಲೈನ ಡಾನ್ ಬಾಸ್ಕೋ ಮ್ಯೂಸಿಯಂ ಕೂಡ ಸೇರಿಸಿ. ಏಳು ಮಹಡಿ, ಈಶಾನ್ಯದ ಎಲ್ಲಾ ಜನಗಳ ಉಡುಗೆ, ಬುಟ್ಟಿ, ಬೇಟೆ ಸಾಮಾನು ಇದೆ. ಅದನ್ನು ಮೊದಲ ದಿನವೇ ನೋಡಿದರೆ ಸಂತೆಯಲ್ಲಿ ಯಾವುದು ಏನು ಅಂತ ಕಣ್ಣಿಗೆ ಗೊತ್ತಾಗುತ್ತೆ. ನವೆಂಬರಲ್ಲಿ ಸ್ಮಿಟ್‌ನಲ್ಲಿ ನಾಂಗ್‌ಕ್ರೆಮ್ ಕುಣಿತ ಇರುತ್ತೆ, ದಿನ ಕೂಡಿ ಬಂದರೆ ಬಿಡಬೇಡಿ. ಹುಡುಗಿಯರು ತಲೆಗೆ ಕಿರೀಟ, ಕೊರಳಿಗೆ ಹವಳ ಹಾಕಿ, ಕಣ್ಣು ನೆಲಕ್ಕೆ ಇಟ್ಟು, ಪಾದ ಎತ್ತದೆ ಸರಿಯುತ್ತಾರೆ. ಸುತ್ತ ಗಂಡಸರು ಕತ್ತಿ ಹಿಡಿದು ಕುಣಿಯುತ್ತಾರೆ.

ಲೆನ್ಸ್‌ಕಣ್ಣು:
ಫೋಟೋ ತೆಗೆಯೋರು ದಯವಿಟ್ಟು ಕೇಳಿ ತೆಗೀರಿ. ಸಂತೆಯಲ್ಲಿ ಕೂತವರ ಮುಖಕ್ಕೆ ನೇರ ಕ್ಯಾಮೆರಾ ಹಿಡಿಯೋದು ಅವರಿಗೆ ಇಷ್ಟ ಆಗಲ್ಲ. ನಾನೂ ಮಾಡಿ ಬೈಸಿಕೊಂಡಿದ್ದೇನೆ, ಅವರು ಬೈದದ್ದು ಸರಿಯೇ.

ತುಂಗಾತೀರ:
ಹೋಗಿ ಬಂದೆವು! ತಡವಾಗಿ ಬರೀತಿದ್ದೇನೆ, ಕ್ಷಮಿಸಿ. ಡಾಕಿ ಬಿಟ್ಟು ಮಾವ್‌ಫ್ಲಾಂಗಿಗೆ ಹೋದೆವು. ಮ್ಯೂಸಿಯಂ ಮೊದಲ ದಿನವೇ ನೋಡಿದೆವು. ಲೆನ್ಸ್‌ಕಣ್ಣು ಸರ್, ಯೇವ್‌ದೂನಲ್ಲಿ ಇಳಿಜಾರು ನಿಜಕ್ಕೂ ಕಷ್ಟ, ಅಮ್ಮನಿಗೆ ನಡುವೆ ಎರಡು ಸಲ ಕೂರಿಸಬೇಕಾಯ್ತು. ನಿಮ್ಮ ಎಚ್ಚರಿಕೆ ಸರಿಯಾಗೇ ಇತ್ತು.

ಎರಡನೇ ಸಲ ಕೂತಿದ್ದು ಬುಟ್ಟಿ ಮಾರುವ ಒಬ್ಬ ಕಾಂಗ್ ಅಂಗಡಿಯಲ್ಲಿ. ಅವರೇ ಕೂರುವ ಮೋಡಾ (ಸಣ್ಣ ಪೀಠ) ಸರಿಸಿ ಕೂರಿಸಿದರು. ಮೇಲೆ ಕ್ನುಪ್ ನೇತುಹಾಕಿದ್ದರು. ಮಳೆಗೆ ತಲೆ ಮೇಲಿಂದ ಬೆನ್ನಿನ ತನಕ ಹೊದೆಯೋದು, ಬಿದಿರಿನ ಹೆಣಿಗೆ, ಒಳಗಡೆ ಎಲೆ. ಅಮ್ಮ ಅದನ್ನು ನೋಡಿದ್ದೇ ತಡ "ಗೊರಬು!" ಅಂತ ಎದ್ದು ನಿಂತರು. ಅಮ್ಮನ ತವರಲ್ಲಿ ನಾಟಿ ಮಾಡುವಾಗ ಹೊದೆಯುತ್ತಿದ್ದದ್ದು ಅದೇ. ಇಳಿಸಿಕೊಂಡು ತಲೆಗೆ ಹಾಕಿ, ಬಗ್ಗಿ, ಎರಡೂ ಕೈ ಬಿಟ್ಟು ನಾಟಿ ಮಾಡುವ ಹಾಗೆ ತೋರಿಸಿದರು. ಆ ಕಾಂಗ್ ಒಂದು ಕ್ಷಣ ಸುಮ್ನೆ ನೋಡಿ, ಎದ್ದು ಬಂದು ಅಮ್ಮನ ಪಕ್ಕ ನಿಂತು ತಾನೂ ಬಗ್ಗಿ ನೆಟ್ಟು ತೋರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ. ಆಮೇಲೆ ಕ್ವಾಯ್ ಬಂತು. ಅಮ್ಮ ತಮ್ಮ ಅಡಕತ್ತರಿ ತೆಗೆದರು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತಮ್ಮ ಅಡಿಕೆ ಅದರಲ್ಲೇ ಕತ್ತರಿಸಿ ಕೊಟ್ಟರು. ಡಾಕ್ಟರ್‌ಮಗಳು ಅವರೇ, ಒಂದೇ ಹೋಳು, ಆಣೆಗೂ.

ಕ್ನುಪ್ ದೊಡ್ಡದೇ ತಗೊಂಡೆವು. ರೇಟು ಅವರು ಹೇಳಿದ್ದೇ ಕೊಟ್ಟೆ. ಅರಿಶಿನ ಒಂದು ಕಿಲೋ, ಮುರಿದು ನೋಡಿಯೇ. ಶಾಲಿಗೆ ಅಂತ ತಿರುಗಿ ಹೊರಟಾಗ ಗುವಾಹಟಿ ದಾರಿಯಲ್ಲಿ ಕೇಳಿಕೊಂಡು ಹೋದೆವು. ಗಂಟು ಇರುವ, ಮಿಂಚದ ಒಂದು ಸಿಕ್ಕಿತು, ಬೆಲೆ ಜಾಸ್ತಿ ಆಯ್ತು, ಆದರೆ ನೇಯ್ದವರನ್ನೇ ನೋಡಿ ತಂದೆ.

ಅಡಿಕೆಮರ:
ಓದಿ ಕಣ್ಣು ತುಂಬಿ ಬಂತು. ಅಡಕತ್ತರಿ ಅಲ್ಲೇ ಬಿಟ್ಟು ಬಂದರಾ ಅಮ್ಮ?

ತುಂಗಾತೀರ:
ಹೌದು. ನನಗೆ ಗೊತ್ತಾಗಿದ್ದು ಹೋಟೆಲಿಗೆ ಬಂದ ಮೇಲೆ.

ಬೈಕ್‌ಬಸವ:
ಕ್ನುಪ್ ವಿಮಾನದಲ್ಲಿ ಹೇಗೆ ತಂದಿರಿ? ನಾನೂ ಒಂದು ತರಬೇಕು.

ತುಂಗಾತೀರ:
ಕೈಯಲ್ಲೇ ಹಿಡ್ಕೊಂಡು ಬಂದೆವು, ಒಳಗೆ ಬಿಡಲಿಲ್ಲ, ಲಗೇಜಿಗೆ ಹಾಕಿಸಿದರು. ಒಂದು ಅಂಚು ಸ್ವಲ್ಪ ಬಿಟ್ಟುಕೊಂಡಿತ್ತು, ಅಮ್ಮ ಬಿದಿರು ಸೀಳಿ ಕಟ್ಟಿದ್ದಾರೆ. ಸುತ್ತ ಬಟ್ಟೆ ಸುತ್ತಿ, ರಟ್ಟಿಟ್ಟು ಹಾಕಿಸಿ.